ನಾಲಗೆರಾಯರ ಹಸಿರು ಕಷಾಯ

ಎದುರಿಗೆ ಎಲ್ಲರೂ ಅವರನ್ನು ಸಾರ್ ಅನ್ನುತ್ತಿದ್ದರು. ಬೆನ್ನು ತಿರುಗಿದ ಕೂಡಲೇ ನಾಲಗೆರಾಯರು. ಚಹಾ ಕಂಪನಿಯಲ್ಲಿ ಟೇಸ್ಟರ್. ಹರಾಜಿಗೆ ಬರುವ ಚಹಾದ ಮಾದರಿಗಳ ರುಚಿ ನೋಡಿ, ಯಾವುದನ್ನು ಕೊಳ್ಳಬೇಕು, ಯಾವುದನ್ನು ಯಾವುದರ ಜೊತೆ ಬೆರೆಸಬೇಕು ಎಂದು ಹೇಳುವುದು ಅವರ ಕೆಲಸ. ಉತ್ತರದ ಕಿಟಕಿಗಳ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಬಿಳಿ ಪಿಂಗಾಣಿ ಬಟ್ಟಲುಗಳು, ಪ್ರತಿ ಬಟ್ಟಲಿನ ಹಿಂದೆ ಬೆಂದ ಎಲೆ ಹೊತ್ತ ಮುಚ್ಚಳ. ರಾಯರು ಏಪ್ರನ್ ಕಟ್ಟಿಕೊಂಡು ಬಂದು, ಚಮಚ ಅದ್ದಿ, ಇಡೀ ಕೋಣೆಗೆ ಕೇಳುವಂತೆ ಸುರ್ರೆಂದು ಹೀರಿ, ಬಾಯೊಳಗೆ ಒಂದು ಸುತ್ತು ಹೊರಳಿಸಿ, ಗಾಲಿಯ ಪೀಕದಾನಿಗೆ ಪಿಚಕ್ಕನೆ ಉಗುಳಿ ಮುಂದಿನ ಬಟ್ಟಲಿಗೆ ಹೋಗುತ್ತಿದ್ದರು. ಹೋಗುತ್ತ ಒಂದೊಂದು ಮಾತು ಎಸೆಯುತ್ತಿದ್ದರು: "ಸಪ್ಪೆ." "ಹೊಗೆ." "ಗೋಣಿಚೀಲ." ಯಾರೋ ಬೆನ್ನು ಬಗ್ಗಿಸಿ ಕಿತ್ತ, ಇನ್ಯಾರೋ ನಿದ್ದೆಗೆಟ್ಟು ಒಣಗಿಸಿದ ಎಲೆಗೆ ಅಷ್ಟೇ ಮರ್ಯಾದೆ. ತೆಗಳುವುದಕ್ಕೇ ಸಂಬಳ ಕೊಟ್ಟರೆ ಯಾರಿಗೆ ತಾನೇ ತಲೆ ನೆಟ್ಟಗಿರುತ್ತದೆ? ರಾಯರಿಗೆ ತಾವು ತೆಗಳಿದ್ದೆಲ್ಲ ಸತ್ಯ, ಹೊಗಳುವವರೆಲ್ಲ ಪೆದ್ದರು ಎಂಬ ನಂಬಿಕೆ ಗಟ್ಟಿಯಾಗಿಬಿಟ್ಟಿತ್ತು.

ಆ ನಂಬಿಕೆಯನ್ನು ಅವರು ಸಂಜೆ ಮನೆಗೂ ಹೊತ್ತು ತರುತ್ತಿದ್ದರು. ಹೆಂಡತಿ ಬಡಿಸಿದ್ದನ್ನು ಮೊದಲು ಮೂಸಿ, ಆಮೇಲೆ ಮುಖ ಸಿಂಡರಿಸಿ, ಕೊನೆಗೆ ತಟ್ಟೆ ಖಾಲಿ ಮಾಡುತ್ತಿದ್ದರು. ಅವಳು ಮೊದಲ ಕೆಲವು ವರ್ಷ ಅತ್ತಳು, ಆಮೇಲೆ ಜಗಳವಾಡಿದಳು, ಆಮೇಲೆ ಅವರು ಬಾಯಿ ತೆರೆಯುವ ಮೊದಲೇ ರೇಡಿಯೋ ಜೋರು ಮಾಡುವುದನ್ನು ಕಲಿತಳು. ನಾಲಗೆ ಮಂಕಾದೀತೆಂದು ರಾಯರು ಹಸಿ ಈರುಳ್ಳಿ ಮುಟ್ಟುತ್ತಿರಲಿಲ್ಲ, ಖಾರ ಮುಟ್ಟುತ್ತಿರಲಿಲ್ಲ, ಬೀಡಿ ಸಿಗರೇಟಿನ ಮಾತಂತೂ ಬೇಡ. ಸಿಗರೇಟು ಸೇದುವವರು ರಸ್ತೆಯಲ್ಲಿ ಎದುರಾದರೆ ಆಚೆ ಬದಿಗೆ ದಾಟಿ, ಈಚೆ ಬದಿಗೆ ಕೇಳುವಂತೆ ಛೀ ಅನ್ನುತ್ತಿದ್ದರು.

ಅಂಥವರ ಕತ್ತಿನಲ್ಲಿ ಗಂಟು ಎದ್ದಿತು. ಗಡ್ಡ ಹೆರೆಯುವಾಗ ಕೈಗೆ ಸಿಕ್ಕಿದ ಅದನ್ನು ಹಲ್ಲಿನ ತೊಂದರೆ ಎಂದುಕೊಂಡು ಸುಮ್ಮನಿದ್ದರು. ಕೊನೆಗೆ ತೋರಿಸಿದಾಗ ಹಲ್ಲಿನ ಡಾಕ್ಟರು ಕಿವಿಮೂಗಿನವರ ಹತ್ತಿರ ಕಳಿಸಿದರು, ಕಿವಿಮೂಗಿನವರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ನಾಲಗೆಯ ಬುಡದಲ್ಲಿ ಕ್ಯಾನ್ಸರು, ಕತ್ತಿಗೂ ಇಳಿದಿದೆ ಎಂದು ಗೊತ್ತಾಯಿತು.

ವಿಕಿರಣ ವಿಭಾಗದ ಡಾಕ್ಟರಮ್ಮನ ಮುಂದೆ ಕೂತ ರಾಯರಿಗೆ ಭಯಕ್ಕಿಂತ ಮೊದಲು ಬಂದದ್ದು ಅವಮಾನ. ಒಂದು ದಿನವೂ ಹೊಗೆ ಸೇದದ ತಮ್ಮ ಬಾಯಿಗೆ ಇದು ಹೇಗೆ ಬಂತು ಎಂದು, ಕೆಟ್ಟ ಮಾದರಿ ಕಳಿಸಿದ ತೋಟದವರನ್ನು ಗದರಿಸುವಂತೆ ಗದರಿಸಿದರು. ಡಾಕ್ಟರಮ್ಮ ಇಂಥ ಗದರಿಕೆ ಎಷ್ಟು ಕೇಳಿದ್ದರೋ, ಹುಬ್ಬೂ ಅಲುಗಿಸಲಿಲ್ಲ. ಇದು ತಂಬಾಕಿನದಲ್ಲ, ಒಂದು ವೈರಾಣುವಿನದು ಎಂದರು. ಗಂಡುಹೆಣ್ಣಿನ ಸಂಗದಲ್ಲಿ ದಾಟುವ ಬಹಳ ಸಾಮಾನ್ಯ ವೈರಾಣು. ಹೆಚ್ಚಿನವರಿಗೆ ಯಾವಾಗಲೋ ತಗಲುತ್ತದೆ, ಮೈ ಅದನ್ನು ಓಡಿಸುತ್ತದೆ, ಕೆಲವರಲ್ಲಿ ಮಾತ್ರ ಉಳಿದುಕೊಂಡು ವರ್ಷಗಳ ಮೇಲೆ ಹೀಗೆ ಏಳುತ್ತದೆ. ಯಾರಿಂದ, ಯಾವಾಗ ಎಂದು ಹುಡುಕುವುದರಲ್ಲಿ ಅರ್ಥವಿಲ್ಲ ಎಂದರು. ರಾಯರು ಹೆಂಡತಿಯ ಕಡೆ ಕಳ್ಳನೋಟ ಬೀರಿದರು.

"ನನ್ನ ಕಡೆ ಏನು ನೋಡ್ತೀರ?" ಎಂದಳು ಅವಳು. "ನನಗೇನೂ ಅನುಮಾನ ಇಲ್ಲ. ನಿಮ್ಮ ಬಾಯಿ ತಡ್ಕೊಳ್ಳೋ ಇನ್ನೊಬ್ಬಳು ಈ ಭೂಮಿ ಮೇಲೆ ಸಿಗೋದುಂಟಾ?"

ಡಾಕ್ಟರಮ್ಮ ನಗು ನುಂಗಿಕೊಂಡು ಮುಂದುವರಿಸಿದರು. ಜೀವಕೋಶದೊಳಗೆ ಡಿಎನ್‌ಎ ಎಂಬ ಎಳೆ ಇರುತ್ತದೆ, ಕೋಶದ ವ್ಯವಹಾರವೆಲ್ಲ ಅದರಲ್ಲಿದೆ. ಅದು ದಿನವೂ ಅಲ್ಲಲ್ಲಿ ಹರಿಯುತ್ತದೆ, ಕೋಶವೇ ದಿನವೂ ಗಂಟು ಹಾಕಿ ಸರಿಮಾಡಿಕೊಳ್ಳುತ್ತದೆ. ವಿಕಿರಣ ಮಾಡುವುದು ಇಷ್ಟೇ: ಬೇಕೆಂದೇ ಎಳೆಯನ್ನು ಚಿಂದಿ ಮಾಡುತ್ತದೆ. ಆರೋಗ್ಯದ ಕೋಶ ಮರುದಿನದೊಳಗೆ ಬಹುಪಾಲು ರಿಪೇರಿ ಮಾಡಿಕೊಂಡು ಏಳುತ್ತದೆ. ರಾಯರ ಗಡ್ಡೆಗೆ ಆ ಕೈಚಳಕವಿಲ್ಲ, ಏಕೆಂದರೆ ವೈರಾಣು ಅದರ ರಿಪೇರಿಯ ಏರ್ಪಾಟನ್ನೇ ಹಾಳುಗೆಡವಿದೆ. ಅದೂ ಅಲ್ಲದೆ, ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ರೋಗದ ಮೇಲೆ ಬೀಳುವ ಕಾವಲು ಕಣಗಳು ಆಗಲೇ ಗಡ್ಡೆಯೊಳಗೆ ನುಗ್ಗಿರುವುದು ಕಂಡಿದೆ. ವೈರಾಣುವಿನ ಗುರುತು ಪರಕೀಯವಾದದ್ದರಿಂದ ಅವು ಬೇಗ ಹಿಡಿದಿವೆ. ತಂಬಾಕಿನಿಂದ ಬರುವ ಗಡ್ಡೆ ಹೀಗಲ್ಲ. ಅದು ಸಾಮಾನ್ಯವಾಗಿ ಹರಿದದ್ದನ್ನು ಜಾಣತನದಿಂದ ಹೊಲಿದುಕೊಳ್ಳುತ್ತದೆ, ಕಾವಲಿನವು ಎಷ್ಟೋ ಸಲ ಹೊರಗೇ ನಿಂತಿರುತ್ತವೆ. "ಅದಕ್ಕೇ ನಿಮ್ಮದು ವಾಸಿಯಾಗೋ ಸಾಧ್ಯತೆ ಜಾಸ್ತಿ. ಬೀಡಿ ಸೇದೋರದ್ದು, ನಿಮ್ಮದು ಒಂದೇ ಜಾಗದಲ್ಲಿದ್ರೂ ಎರಡೂ ಬೇರೆ ಬೇರೆ ಕಾಯಿಲೆ ಅಂತಲೇ ತಿಳ್ಕೊಳ್ಳಿ" ಎಂದರು.

ಬೇರೆ ಯಾರಾದರೂ ಇದನ್ನು ಕೇಳಿ ಕೈಮುಗಿದು ಎದ್ದು ಬರುತ್ತಿದ್ದರು. ರಾಯರು ಇದನ್ನು ಗ್ರೇಡು ಎಂದುಕೊಂಡರು. ತಮಗೆ ಬಂದದ್ದು ಮೇಲ್ದರ್ಜೆಯ ಕ್ಯಾನ್ಸರು, ಬೀದಿಯವರಿಗೆ ಬರುವಂಥದ್ದಲ್ಲ ಎಂದು ನೋಡಲು ಬಂದ ನೆಂಟರಿಗೆಲ್ಲ ಹೇಳಿದರು. ವೈರಾಣು ದಾಟುವ ದಾರಿಯನ್ನು ಮಾತ್ರ ಹೇಳಲಿಲ್ಲ.

ಆದರೆ ಡಾಕ್ಟರಮ್ಮ ಇನ್ನೂ ಎರಡು ಮಾತು ಹೇಳಿದ್ದರು. ಒಂದು, ನಾಲಗೆಯ ರುಚಿ ಹೋಗುತ್ತದೆ; ಮುಗಿದ ಮೇಲೆ ನಿಧಾನವಾಗಿ ವಾಪಸು ಬರುತ್ತದೆ, ಪೂರ್ತಿ ಬಂದೇ ಬರುತ್ತದೆ ಎಂದು ಯಾರೂ ಬರೆದುಕೊಡಲಾರರು. ಎರಡು, ಶಕ್ತಿ ಹೆಚ್ಚಿಸುತ್ತದೆ ಎಂದು ಯಾರು ಏನು ಕೊಟ್ಟರೂ, ಪುಡಿ, ಕಷಾಯ, ಸಾರದ ಗುಳಿಗೆ ಯಾವುದನ್ನೂ ಮುಟ್ಟಕೂಡದು. ವಿಕಿರಣ ಕೋಶದೊಳಗೆ ಕಿಡಿ ಎಬ್ಬಿಸಿ ಎಳೆ ಸುಡುತ್ತದೆ, ಇಂಥವು ಆ ಕಿಡಿ ಆರಿಸಬಲ್ಲವು. "ಎರಚಿದ ನೀರಿಗೆ ಇದು ನಮ್ಮ ಮನೆ, ಇದು ಕಳ್ಳನ ಮನೆ ಅಂತ ಗೊತ್ತಾಗಲ್ಲ" ಎಂದು ಸ್ಪಷ್ಟವಾಗಿ ಹೇಳಿದ್ದರು. ಮೊದಲನೆಯ ಮಾತು ರಾಯರ ಎದೆಗೆ ನಾಟಿ ಕೂತಿತು. ಎರಡನೆಯದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ರುಚಿ ಹೋದರೆ ರಾಯರಲ್ಲಿ ಇನ್ನೇನು ಉಳಿಯುತ್ತದೆ? ಇದನ್ನು ಕೊಂಕಿಗಾಗಿ ಕೇಳುತ್ತಿಲ್ಲ, ಅವರೇ ಹಾಸಿಗೆಯಲ್ಲಿ ಹೊರಳಾಡುತ್ತ ಕೇಳಿಕೊಂಡದ್ದು. ಓದು ಅಷ್ಟಕ್ಕಷ್ಟೇ, ಸ್ನೇಹಿತರು ಅಂತ ಯಾರೂ ಉಳಿದಿರಲಿಲ್ಲ, ಮಕ್ಕಳಿಲ್ಲ. ಆ ಮೇಜು, ಆ ಬಟ್ಟಲು, ಆ ಉಗುಳು ಇಲ್ಲದಿದ್ದರೆ ಅವರು ಮುಖ ಗಂಟಿಕ್ಕಿಕೊಂಡ ಒಬ್ಬ ಮುದುಕ ಮಾತ್ರ. ಪ್ರಾಣಕ್ಕಿಂತ ನಾಲಗೆಯ ಚಿಂತೆಯೇ ಅವರನ್ನು ಹೆಚ್ಚು ಹಿಂಡಿತು.

ಅವರ ಕಂಪನಿಯ ಹಸಿರು ಚಹಾದ ಪೊಟ್ಟಣದ ಮೇಲೆ 'ನಿಮ್ಮ ಜೀವಕೋಶಗಳ ಕಾವಲುಗಾರ, ರೋಗನಿರೋಧಕ ಶಕ್ತಿಯ ಬೆಂಬಲ' ಎಂದು ಬಂಗಾರದ ಅಕ್ಷರದಲ್ಲಿತ್ತು. ಜಾಹೀರಾತಿನವರು ಅದನ್ನು ತಂದು ತೋರಿಸಿದ ದಿನ ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎಲೆ ಕುದಿಸಿದ ನೀರಿಗೆ ಇಷ್ಟೆಲ್ಲ ಬಿರುದೇ ಎಂದು ಮೀಟಿಂಗಿನಲ್ಲೇ ಆಡಿಕೊಂಡಿದ್ದರು. ಈಗ ಅದೇ ಮನುಷ್ಯ ಅದೇ ಪೊಟ್ಟಣವನ್ನು ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು. ಹೆದರಿದವನಿಗೆ ಬಂಗಾರದ ಅಕ್ಷರ ಬೇಗ ಹಿಡಿಸುತ್ತದೆ. ಪೊಟ್ಟಣದ ಪುಡಿ ಸಾಮಾನ್ಯರಿಗೆ, ತಮಗಲ್ಲ ಎಂದುಕೊಂಡು ಮಾದರಿ ಕೋಣೆಯಿಂದ ಆಯ್ದ ಚಿಗುರೆಲೆ ತರಿಸಿ, ಕುದಿಸಿ ಕುದಿಸಿ ಕಾಲುಭಾಗಕ್ಕೆ ಇಳಿಸಿದರು. ಆ ಗಟ್ಟಿ ಕಷಾಯವನ್ನು ಫ್ಲಾಸ್ಕಿಗೆ ತುಂಬಿಕೊಂಡು ಹೋಗಿ, ವಿಕಿರಣದ ಮೇಜಿಗೆ ಕರೆಯುವ ಮುಂಚೆ ಬಾಯಿ ತುಂಬ ಹಿಡಿದುಕೊಂಡು, ಜೀವಮಾನದಲ್ಲೇ ಮೊದಲ ಸಲ ಉಗುಳದೆ ನುಂಗಿದರು.

ಹೆಂಡತಿ ನೋಡಿದಳು, ಡಾಕ್ಟರಮ್ಮ ಬೇಡವೆಂದದ್ದನ್ನು ನೆನಪಿಸಿದಳು. ಚಹಾದ ವಿಷಯ ತಮಗೆ ಹೇಳಿಕೊಡಲು ಯಾರೂ ಬರಬೇಕಾಗಿಲ್ಲ ಎಂದರು ರಾಯರು. ಅವಳು ರೇಡಿಯೋ ಜೋರು ಮಾಡಿದಳು.

ವಿಕಿರಣ ಕೋಣೆಯ ಹೊರಗಿನ ಬೆಂಚಿನಲ್ಲಿ ಅವರ ಪಕ್ಕಕ್ಕೆ ದಿನವೂ ಕೂರುತ್ತಿದ್ದವನು ಒಬ್ಬ ಲಾರಿ ಡ್ರೈವರ್. ಎಲ್ಲರೂ ಅವನನ್ನು ಲಾರಿಯಣ್ಣ ಅನ್ನುತ್ತಿದ್ದರು. ಅವನದೂ ನಾಲಗೆಯ ಬುಡವೇ, ಆದರೆ ನಿದ್ದೆ ತಡೆಯಲು ವರ್ಷಗಟ್ಟಲೆ ಸೇದಿದ ಬೀಡಿಯದು. ಅದನ್ನವನು ಮುಚ್ಚಿಡದೆ ಹೇಳಿಕೊಂಡ. ರಾಯರು ಮೊದಲು ಬೆಂಚಿನ ಆ ತುದಿಗೆ ಸರಿದರು. ಆದರೆ ಆಸ್ಪತ್ರೆಯ ಬೆಂಚು ಎಷ್ಟು ಉದ್ದ ಇದ್ದೀತು? ಲಾರಿಯಣ್ಣನಿಗೆ ರಾಯರೆಂದರೆ ಬೆರಗು. ಒಂದು ಹನಿ ಬಾಯಿಗೆ ಹಾಕಿ ಯಾವ ಬೆಟ್ಟದ ಎಲೆ ಅಂತ ಹೇಳುವ ಮನುಷ್ಯನನ್ನು ಅವನು ಕಂಡಿರಲಿಲ್ಲ. ಕೆಮ್ಮುತ್ತ, ಟವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತ, ಮತ್ತೆ ಮತ್ತೆ ಕೇಳಿ ಹೇಳಿಸಿಕೊಳ್ಳುತ್ತಿದ್ದ. ಹೊಗಳುವವರೆಲ್ಲ ಪೆದ್ದರು ಎಂಬ ತಮ್ಮ ಹಳೆಯ ಸಿದ್ಧಾಂತ ರಾಯರಿಗೆ ಅಲ್ಲಿ ಯಾಕೋ ನೆನಪಾಗಲಿಲ್ಲ.

ಮೂರನೆಯ ವಾರಕ್ಕೆ ಲಾರಿಯಣ್ಣನ ಬಾಯೆಲ್ಲ ಹುಣ್ಣು. ನೀರು ನುಂಗಿದರೂ ಬೆಂಕಿ, ಇನ್ನು ಬರುವುದಿಲ್ಲ, ಸಾಕಾಯಿತು ಎಂದು ಬೆಂಚಿನ ಮೇಲೆ ತಲೆ ತಗ್ಗಿಸಿ ಅತ್ತ. ಅವನನ್ನು ಒಳಗೆ ಕರೆದೊಯ್ದು ನರ್ಸಿಗೆ ಹೇಳಿಸಿದ್ದರೆ ನೋವಿಗೆ ಔಷಧಿ ಕೊಡುತ್ತಿದ್ದರು. ರಾಯರು ಫ್ಲಾಸ್ಕಿನ ಮುಚ್ಚಳಕ್ಕೆ ಕಷಾಯ ಬಗ್ಗಿಸಿ ಕೊಟ್ಟರು. ತಾವು ಸುಮ್ಮನೆ ಏನನ್ನೂ ಬಾಯಿಗೆ ಹಾಕುವವರಲ್ಲ, ಇದು ಒಳ್ಳೆಯ ಕೋಶಗಳಿಗೆ ಕಾವಲು, ಕೆಟ್ಟದ್ದನ್ನು ಕೊಲ್ಲುತ್ತದೆ ಎಂದರು. ಕೊಲ್ಲುವ ಮಾತು ಪೊಟ್ಟಣದ ಮೇಲೂ ಇರಲಿಲ್ಲ, ಅದು ರಾಯರ ಸ್ವಂತ ಸೇರ್ಪಡೆ. ಡಾಕ್ಟರಮ್ಮನಿಗೆ ಹೇಳಬೇಡ, ಅವರಿಗೆ ಪುಸ್ತಕದ್ದು ಬಿಟ್ಟು ಬೇರೆ ಗೊತ್ತಿಲ್ಲ ಎಂದೂ ಸೇರಿಸಿದರು. ಲಾರಿಯಣ್ಣ ಔಷಧಿಗಿಂತ ಭಕ್ತಿಯಿಂದ ಕುಡಿದ. ಮರುದಿನದಿಂದ ರಾಯರು ಅವನಿಗೂ ಒಂದು ಸೀಸೆ ತರತೊಡಗಿದರು. ದಿನಕ್ಕೊಂದು ಲೋಟ ಸಾಕೆಂದರೆ ಅವನು ಮೂರು ಕುಡಿದ. ಅದರಿಂದಲೋ, ಇಷ್ಟು ದೊಡ್ಡವರು ಹೇಳಿದರೆಂಬ ಧೈರ್ಯದಿಂದಲೋ, ಚಿಕಿತ್ಸೆಯನ್ನಂತೂ ಅವನು ನಡುವೆ ಬಿಡಲಿಲ್ಲ. ರಾಯರ ಲೆಕ್ಕಕ್ಕೆ ಹಾಕಬಹುದಾದ ಒಳ್ಳೆಯದೆಂದರೆ ಇದೊಂದೇ.

ಕಷಾಯ ರಾಯರ ನಾಲಗೆಯನ್ನೇನೂ ಕಾಯಲಿಲ್ಲ. ಮುಖದ ಅಚ್ಚಿನ ಬಲೆಯನ್ನು ತಲೆಗೆ ಬಿಗಿದು, ಮೇಜಿಗೆ ತಿರುಪು ಹಾಕಿ ಮಲಗಿಸುತ್ತಿದ್ದ ಆ ವಾರಗಳಲ್ಲಿ ಮೊದಲು ಸಿಹಿ ಹೋಯಿತು, ಆಮೇಲೆ ಉಪ್ಪು, ಕೊನೆಗೆ ಎಲ್ಲವೂ ತೊಯ್ದ ಕಾಗದ. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿ ಒಂದು ದಿನ ಸೂಪಿಗೆ ಉಪ್ಪು ಹಾಕುವುದನ್ನೇ ಮರೆತಳು. ರಾಯರು ವಾಡಿಕೆಯಂತೆ ಮುಖ ಸಿಂಡರಿಸಿ, ಉಪ್ಪು ಜಾಸ್ತಿ ಎಂದರು. ಅವಳಿಗೆ ಆಗಲೇ ಗೊತ್ತಾಯಿತು. ಕೆಣಕಬಹುದಿತ್ತು, ಯಾಕೋ ಕೆಣಕಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲಿನ ಸ್ಕ್ಯಾನಿನಲ್ಲಿ ರಾಯರ ಕತ್ತು, ನಾಲಗೆ ಎರಡೂ ಶುಭ್ರ. ರಿಪೇರಿ ಬಾರದ ಗಡ್ಡೆ ಸತ್ತಿತ್ತು, ಕಾವಲು ಕಣಗಳು ಉಳಿದದ್ದನ್ನು ಗುಡಿಸಿದ್ದವು. ಡಾಕ್ಟರಮ್ಮ ಮೊದಲ ದಿನ ಹೇಳಿದಂತೆಯೇ ಆಗಿತ್ತು. ರಾಯರು ಅದನ್ನು ಒಪ್ಪಿಕೊಂಡರೇ? ಅಂದು ಬೆಂಚಿನಲ್ಲಿ ಕೂತಿದ್ದವರಿಗೆಲ್ಲ ಇದು ಎಲೆಯ ಮಹಿಮೆ ಎಂದು ಸಾರಿದರು. ನಾಲಗೆಯೂ ಮೊದಲಿನಂತೆಯೇ ಇದೆ, ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದು ಲಾರಿಯಣ್ಣನ ಬೆನ್ನು ತಟ್ಟಿದರು. ಅವನ ಸ್ಕ್ಯಾನು ಇನ್ನೂ ಆಗಿರಲಿಲ್ಲ. ಆಮೇಲೆ ಏನಾಯಿತೆಂದು ವಿಚಾರಿಸಲೂ ಇಲ್ಲ.

ಕೆಲಸಕ್ಕೆ ಹೋದರು, ಅದು ನಿಜ. ಒಣ ಎಲೆಯ ಬಣ್ಣ, ಮುಚ್ಚಳದ ಮೇಲಿನ ಬೆಂದ ಎಲೆಯ ಹೊಳಪು, ಹಬೆಯ ವಾಸನೆ, ಇಷ್ಟರ ಮೇಲೆ ಊಹಿಸಿ, ಸುರ್ರೆಂದು ಹೀರಿ, ಉಗುಳಿ, "ಸಪ್ಪೆ" ಎನ್ನುತ್ತಿದ್ದರು. ಎಲ್ಲವೂ ಸಪ್ಪೆಯೇ ಆಗಿದ್ದರಿಂದ ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಕೈಕೆಳಗಿನ ಕಿರಿಯ ಟೇಸ್ಟರ್ ಹುಡುಗಿ ಒಂದೆರಡು ಸಲ ತಲೆಯೆತ್ತಿ ನೋಡಿದಳು, ಬಾಯಿ ಬಿಡುವ ಧೈರ್ಯವಾಗಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಲಾರಿಯಣ್ಣನ ಮಗಳು ರುಚಿಕೋಣೆಗೇ ಬಂದಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಕುತ್ತಿಗೆಯಲ್ಲಿ ಅಂಗಡಿಯ ಗುರುತಿನ ಪಟ್ಟಿ ಹಾಗೇ ಇತ್ತು. ಅಪ್ಪನ ಕತ್ತಿನಲ್ಲಿ ಗಂಟು ಮತ್ತೆ ಬೆಳೆದಿದೆ, ಶಸ್ತ್ರಚಿಕಿತ್ಸೆಗೂ ಸಿಗದ ಜಾಗಕ್ಕೆ ಹೋಗಿದೆ ಎಂದಳು. ಡಾಕ್ಟರಮ್ಮ ಬೇರೊಂದು ಡ್ರಿಪ್ ಹೇಳಿದ್ದಾರೆ. ಗಡ್ಡೆಯು ಮೈಯ ಕಾವಲು ಕಣಗಳ ಕೈಕಟ್ಟಿ ನಿಲ್ಲಿಸಿದೆ, ಆ ಔಷಧಿ ಕಟ್ಟು ಬಿಚ್ಚುತ್ತದೆ, ಕೆಲವರಿಗೆ ಹಿಡಿಯುತ್ತದೆ, ತಡ ಮಾಡಬೇಡಿ ಎಂದಿದ್ದಾರೆ. ಅಪ್ಪ ಕೇಳುತ್ತಿಲ್ಲ. ರಾಯರ ಎಲೆ ಇರುವಾಗ ಇನ್ನೊಂದು ಸೂಜಿ ಯಾಕೆ, ತಾನು ನಡುವೆ ಕಷಾಯ ನಿಲ್ಲಿಸಿದ್ದಕ್ಕೇ ಹೀಗಾಯಿತು ಎಂದು ಹಠ ಹಿಡಿದು ಮಲಗಿದ್ದಾರೆ.

"ಒಂದಿಷ್ಟು ಎಲೆ ಕೊಡಿ ಸಾರ್," ಎಂದಳು. "ನಿಮ್ಮನ್ನ ಉಳಿಸಿದ್ದು ಅದೇ ಅಲ್ವಾ."

ಎಲೆ ಕೊಟ್ಟು ಕಳಿಸಿದರೆ ಮುಗಿಯುತ್ತಿತ್ತು. ಡಬ್ಬಿ ಅವರ ಬೆನ್ನ ಹಿಂದೆಯೇ ಇತ್ತು, ಕೈ ಅರ್ಧ ಹೋಯಿತು ಕೂಡ. ಕಷಾಯವೇ ಅವನನ್ನು ಕೆಡಿಸಿತು ಎಂದು ಯಾರೂ ಹೇಳಲಾರರು, ಡಾಕ್ಟರಮ್ಮನೂ ಹೇಳಲಾರರು. ಆದರೆ ಈ ಸಲ ಎಲೆ ಕೊಟ್ಟರೆ ಏನಾಗುತ್ತದೆಂದು ಹೇಳಲು ಡಾಕ್ಟರಮ್ಮ ಬೇಕಾಗಿರಲಿಲ್ಲ. ಅವನು ಡ್ರಿಪ್ಪಿಗೆ ಹೋಗುವುದಿಲ್ಲ, ಅಷ್ಟೇ. ರಾಯರು ಕೈ ಹಿಂದಕ್ಕೆ ತೆಗೆದುಕೊಂಡು, ಎಲೆಯಿಂದ ಏನೂ ಆಗುವುದಿಲ್ಲ, ಸುಮ್ಮನೆ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದರು.

ಮಗಳು ಸಾಲುಗಟ್ಟಿದ್ದ ಬಟ್ಟಲುಗಳನ್ನೂ, ಅವರ ಕೈಯ ಚಮಚವನ್ನೂ ನೋಡಿದಳು. "ಏನೂ ಆಗಲ್ಲ ಅಂದ್ರೆ ನೀವು ಹೇಗೆ ಇಲ್ಲಿ ನಿಂತು ರುಚಿ ನೋಡ್ತಿದ್ದೀರ? ಕೊಡೋಕೆ ಮನಸ್ಸಿಲ್ಲ ಅಂತ ನೇರವಾಗಿ ಹೇಳಿ ಸಾರ್. ನಮ್ಮಂಥೋರಿಗೆ ಒಳ್ಳೆ ಎಲೆ ಯಾಕೆ ಅಂತ."

ಹೋಗಲೆಂದು ತಿರುಗಿದಳು. ಇಷ್ಟು ವರ್ಷ ಮಾತಿನಲ್ಲೇ ಎಲ್ಲರನ್ನೂ ಕತ್ತರಿಸಿದ ಮನುಷ್ಯನಿಗೆ ಒಂದು ನಿಜವನ್ನು ನಂಬಿಸುವ ಮಾತು ಹೊಳೆಯಲಿಲ್ಲ. ಕೊನೆಗೆ ಪಕ್ಕದ ಪ್ಯಾಂಟ್ರಿಯಿಂದ ಉಪ್ಪು, ಸಕ್ಕರೆ ತರಲು ಕಿರಿಯ ಟೇಸ್ಟರ್‌ಗೆ ಹೇಳಿದರು. ಎರಡು ಬಟ್ಟಲು ಮುಂದಕ್ಕೆ ತಳ್ಳಿ, ಒಂದಕ್ಕೆ ಉಪ್ಪು, ಒಂದಕ್ಕೆ ಸಕ್ಕರೆ, ಕೈಗೆ ಬಂದಷ್ಟು ಹಾಕು ಎಂದು ಆ ಹೆಣ್ಣುಮಗಳಿಗೆ ಹೇಳಿ ಗೋಡೆಯ ಕಡೆ ತಿರುಗಿ ನಿಂತರು. ಅವಳು ಅನುಮಾನಿಸುತ್ತ ಹಾಕಿ ಕಲಕಿದಳು. ರಾಯರು ತಿರುಗಿ, ಒಂದರಿಂದ ಹೀರಿ ಉಗುಳಿದರು, ಇನ್ನೊಂದರಿಂದ ಹೀರಿ ಉಗುಳಿದರು. ಕಿರಿಯ ಟೇಸ್ಟರ್ ನೋಡುತ್ತಿದ್ದಳು.

"ಎರಡೂ ಬಿಸಿನೀರು," ಎಂದರು ರಾಯರು. "ಯಾವುದು ಯಾವುದು ಅಂತ ನನಗೆ ಗೊತ್ತಾಗಲ್ಲಮ್ಮ. ಏಳು ತಿಂಗಳಿಂದ ಗೊತ್ತಾಗ್ತಿಲ್ಲ."

ಮಗಳು ನಂಬಲಾರದೆ ತಾನೇ ಒಂದು ಬಟ್ಟಲಿನಿಂದ ಗುಟುಕು ಕುಡಿದಳು. ಬಾಯಿಗಿಟ್ಟ ಕೂಡಲೇ ಉಪ್ಪಿಗೆ ಕಣ್ಣಲ್ಲಿ ನೀರು ಬಂತು, ಪೀಕದಾನಿಗೆ ಬಗ್ಗಿ ಉಗುಳಿದಳು. ರಾಯರ ನೌಕರಿ ಅಲ್ಲಿಗೆ ಮುಗಿದಿತ್ತು, ಅದು ಮೂವರಿಗೂ ತಿಳಿಯಿತು. ರಾಯರು ನಿಲ್ಲಿಸಲಿಲ್ಲ. ತಮ್ಮ ಗಡ್ಡೆಯೇ ಬೇರೆ, ಅದಕ್ಕೆ ರಿಪೇರಿ ಬರುತ್ತಿರಲಿಲ್ಲ, ಅದಕ್ಕೇ ಸತ್ತಿತು. ನಿನ್ನ ಅಪ್ಪನದು ಅಂಥದ್ದಲ್ಲ, ಅದಕ್ಕೆ ಈಗ ಆ ಡ್ರಿಪ್ಪೇ ಬೇಕು. ಇದನ್ನೆಲ್ಲ ಡಾಕ್ಟರಮ್ಮ ಶುರುವಿನಲ್ಲೇ ಬಿಡಿಸಿ ಹೇಳಿದ್ದರು, ಕಷಾಯ ಮುಟ್ಟಬೇಡಿ ಎಂದೂ ಹೇಳಿದ್ದರು ಎಂದರು.

"ಅಂದ್ರೆ ಅಪ್ಪನಿಗೆ ಕೊಡುವಾಗ ಇದೆಲ್ಲ ನಿಮಗೆ ಗೊತ್ತಿತ್ತು," ಎಂದಳು ಅವಳು.

"ಗೊತ್ತಿತ್ತು."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ರಾಯರಿಗೆ ಹಗುರಾಗುತ್ತಿತ್ತು. "ಇದನ್ನ ನಾನು ಹೇಳಿದ್ರೆ ಅವರು ನಂಬಲ್ಲ," ಎಂದಳು. "ನೀವೇ ಬಂದು ಹೇಳಿ. ಈಗಲೇ."

ರಾಯರು ಏಪ್ರನ್ ಬಿಚ್ಚಿ ಕಿರಿಯಳ ಕೈಗೆ ಕೊಟ್ಟು ಲಾರಿಯಣ್ಣನ ಮಗಳ ಹಿಂದೆ ನಡೆದರು. ಗ್ಯಾರೇಜುಗಳ ಸಾಲು ದಾಟಿ, ಎಣ್ಣೆ ಜಿಡ್ಡಿನ ಓಣಿಯಲ್ಲಿ ಎರಡನೆಯ ಮಹಡಿ, ಒಂದೇ ಕೋಣೆ. ಕಿಟಕಿಯ ಪಕ್ಕದ ಮಂಚದ ಮೇಲೆ ಲಾರಿಯಣ್ಣ ಒರಗಿದ್ದ, ಕತ್ತಿಗೆ ಟವೆಲ್ಲು ಸುತ್ತಿಕೊಂಡಿದ್ದ. ರಾಯರನ್ನು ಕಂಡು ಅವನ ಮುಖ ಅರಳಿತು, ಕಷ್ಟಪಟ್ಟು ಎದ್ದು ಕೂರಲು ನೋಡಿದ, ಮಂಚದ ತುದಿಯಲ್ಲಿದ್ದ ಬಟ್ಟೆ ಸರಿಸಿ ಜಾಗ ಮಾಡಿದ. ದೊಡ್ಡವರು ತನ್ನ ಮನೆಗೆ ಬಂದರಲ್ಲ ಎಂದು ಮಗಳ ಕಡೆ ಹೆಮ್ಮೆಯಿಂದ ನೋಡಿದ.

ರಾಯರು ಕೂರಲಿಲ್ಲ. ನಿಂತಲ್ಲೇ ಹೇಳಿದರು. ತಮ್ಮ ನಾಲಗೆ ಸತ್ತಿರುವುದನ್ನು, ಎಲೆ ಏನೂ ಮಾಡದ್ದನ್ನು, ಎರಡು ಗಡ್ಡೆ ಬೇರೆ ಎಂದು ತಮಗೆ ಗೊತ್ತಿದ್ದದ್ದನ್ನು, ಬೇಡವೆಂದದ್ದನ್ನು ಕೊಟ್ಟದ್ದನ್ನು. ಏನನ್ನೂ ಬಿಡದೆ ಮುಗಿಸಿದರು. ನಾಚಿಕೆ ಅಂದರೇನೆಂದು ಅವರಿಗೆ ಈ ವಯಸ್ಸಿನಲ್ಲಿ ತಿಳಿಯಿತು.

ಲಾರಿಯಣ್ಣ ಅವರ ಬಾಯನ್ನೇ ನೋಡುತ್ತ ಪೂರ್ತಿ ಕೇಳಿದ. ಆಮೇಲೆ ಮಗಳ ಕಡೆ ತಿರುಗಿ, ಒಡೆದ ದನಿಯಲ್ಲಿ, "ಡ್ರಿಪ್ಪಿಗೆ ನಾಳೆ ಬರಬಹುದಾ ಕೇಳು, ಫೋನು ಮಾಡು" ಎಂದ. ಮಗಳು ಫೋನು ಹಿಡಿದು ಬಾಲ್ಕನಿಗೆ ಹೋದಳು.

ಅವನು ಸರಿಸಿಟ್ಟಿದ್ದ ಬಟ್ಟೆಯನ್ನು ಮತ್ತೆ ಮಂಚದ ತುದಿಗೆ ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ. ರಾಯರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಕೂತ್ಕೊಳ್ಳಿ ಅಂತ ಯಾರೂ ಅನ್ನಲಿಲ್ಲ.